ಪೆಟ್ಟಿಗೆಗೆ ಹಿಡಿಸದ ಟಗರು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬಂದಿದೆ. ಯಾರ ಮೇಲೆ ಎಂದು ಕೇಳಬೇಡಿ, ಹೇಳುತ್ತೇನೆ. ಮೊಮ್ಮಗಳ ಮೇಲೆ ಅಲ್ಲ; ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. ಬೀಗಿತಿಯ ಮೇಲೆ ಇದೆ, ಆದರೆ ಅದು ಮಗನ ಮದುವೆಯ ದಿನದಿಂದಲೂ ಇರುವ ಸಿಟ್ಟು, ಲೆಕ್ಕಕ್ಕಿಲ್ಲ. ಈ ಸಲದ ಹೊಸ ಸಿಟ್ಟು ಒಂದು ಪೆಟ್ಟಿಗೆಯ ಮೇಲೆ. ಕಬ್ಬಿಣದ ಪೆಟ್ಟಿಗೆಯಲ್ಲ, ಮರದ್ದೂ ಅಲ್ಲ. ನಾಲ್ಕು ಗೆರೆ ಎಳೆದು ಮಾಡಿದ ಪೆಟ್ಟಿಗೆ! ಆ ನಾಲ್ಕು ಗೆರೆಗಳು ಸೇರಿ ನನ್ನ ಮಾನ ತೆಗೆದವು.

ನಾನು ಮೂರನೇ ಕ್ಲಾಸಿಗೆ ಸ್ಲೇಟು ಇಟ್ಟು ಕುರಿಗಳ ಹಿಂದೆ ಹೋದವಳು. ಅವತ್ತು ಹೋದವಳು ಇನ್ನೂ ತಿರುಗಿ ಬಂದಿಲ್ಲ. ತೆಲುಗು ಸೀಮೆಗೆ ಸೇರಿದ ಗುಮ್ಮಘಟ್ಟದ ಕಡೆ ನಮ್ಮೂರು. ಮಗ, ಸೊಸೆ ಮೊದಲು ಗಾರೆ ಕೆಲಸಕ್ಕೆ ಊರೂರು ಅಲೆಯುತ್ತಿದ್ದರು. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಕೆಲಸ ಹೆಚ್ಚಾದ ಮೇಲೆ ಬಂದು ಅಲ್ಲಿಯೇ ಬಾಡಿಗೆ ಮನೆ ಹಿಡಿದರು. ಮಗ ಬಟ್ಟೆ ಕತ್ತರಿಸುತ್ತಾನೆ, ಸೊಸೆ ಸುಜಾತ ಹೊಲಿಯುತ್ತಾಳೆ. ಆ ಮನೆಗೆ ಹೋದರೆ ಕೂರಲು ಮಣೆ ಸಿಗುವುದಿಲ್ಲ, ಪ್ಯಾಂಟಿನ ಗುಡ್ಡೆಯ ಮೇಲೆಯೇ ಕೂರಬೇಕು. ಅನ್ನದಲ್ಲಿ ಒಂದು ನೀಲಿ ದಾರ ಸಿಗದಿದ್ದರೆ ಅದು ಅವರ ಮನೆಯ ಅನ್ನವೇ ಅಲ್ಲ.

ಆ ಪ್ಯಾಂಟಿನ ಗುಡ್ಡೆಗಳ ನಡುವೆ ಕೂತು ಓದಿ ಓದಿ ನನ್ನ ಮೊಮ್ಮಗಳು ಲಾವಣ್ಯ ಡಿಗ್ರಿ ಕಾಲೇಜಿಗೆ ಸೇರಿದಳು ನೋಡಿ! ಶೇರ್ ಆಟೋದಲ್ಲಿ ಕೂತವರಿಗೆಲ್ಲ ನಾನೇ ಹೇಳಿದೆ. ಕೇಳದವರಿಗೂ ಹೇಳಿದೆ. ಇಳಿದು ಹೋಗುತ್ತಿದ್ದವರನ್ನು ಕೂಗಿ ಕರೆದು ಹೇಳಿದೆ.

ಒಂದು ಭಾನುವಾರ ಅವಳು ಊರಿಗೆ ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು.

"ಅಜ್ಜಿ, ನಮ್ಮ ಸಾರ್ ಪ್ರಾಜೆಕ್ಟ್ ಕೊಟ್ಟಾರ. ಎರಡು ಗುಂಪು ಅಳತಿ ಮಾಡಿ, ಬಾಕ್ಸ್ ಪ್ಲಾಟ್ ಬರ್ದು, ಯಾವ ಗುಂಪು ಹೆಂಗೈತಿ ಅಂತ ಹೇಳ್ಬೇಕು. ಎಲ್ಲಾರೂ ಹುಡುಗ್ರು ಹುಡುಗೇರ ಎತ್ತರ ಅಳೀತಾರ. ನಾನು ಕುರಿ ಅಳೀತೀನಿ!"

"ಯಾರ ಕುರಿ?"

"ನಿನ್ನವು ಒಂದು ಗುಂಪು. ಮಡಕಶಿರದ ಅಜ್ಜೀವು ಇನ್ನೊಂದು ಗುಂಪು."

ನನ್ನ ಕಣ್ಣಲ್ಲಿ ನೀರು ಬಂತು. ನಾನು ಹೋಗದ ಕಾಲೇಜಿಗೆ ನನ್ನ ಕುರಿಗಳು ಹೊರಟಿದ್ದವು! ಆದರೆ ಎರಡನೆಯ ಗುಂಪಿನ ಮಾತು ಕೇಳಿ ಆ ನೀರು ಅಲ್ಲಿಯೇ ಇಂಗಿತು.

ಮಡಕಶಿರದ ಅಜ್ಜಿ ಅಂದರೆ ಸುಜಾತಳ ತಾಯಿ, ನನ್ನ ಬೀಗಿತಿ ಕದಿರಮ್ಮ. ಅವರದು ಮಡಕಶಿರದ ಹತ್ತಿರ ಕಡಲೆಕಾಯಿ, ರಾಗಿ, ಹಿಪ್ಪುನೇರಳೆ ತೋಟ. ಜೊತೆಗೆ ಒಂದಿಷ್ಟು ಕುರಿ. ಪ್ರತಿ ಯುಗಾದಿಗೂ ಲಾವಣ್ಯ ತಾಯಿಯ ಜೊತೆ ಅಲ್ಲಿಗೆ ಹೋಗಿಬಿಡುತ್ತಾಳೆ. ಅವಳು ಹುಟ್ಟಿದಂದಿನಿಂದ ಹಬ್ಬದ ದಿನ ಅವಳ ಬಾಯಿಗೆ ಬೇವು ಬೆಲ್ಲ ಇಡುವ ಭಾಗ್ಯ ನನಗೆ ಒಂದು ಸಲವೂ ಸಿಕ್ಕಿಲ್ಲ. ಹಬ್ಬ ಮುಗಿದ ಮೇಲೆ ಬರುತ್ತಾಳೆ. ಆಗ ನಾನು ಎತ್ತಿಟ್ಟ ಬೇವು ಒಣಗಿರುತ್ತದೆ, ಬೆಲ್ಲಕ್ಕೆ ಇರುವೆ ಹತ್ತಿರುತ್ತದೆ.

ಅವತ್ತೇ ಬೀಗಿತಿಯ ಫೋನು ಬಂತು. ಅವಳಿಗೂ ಸುದ್ದಿ ಮುಟ್ಟಿತ್ತು.

"ಏನ್ ಬೀಗಿತೇರೆ, ನಮ್ಮ ಕುರಿ ಮುಂದೆ ನಿಮ್ಮ ಕುರಿ ನಿಂತ್ಕತಾವಾ?"

"ನಿಂತ್ಕಳಾದೇನ್ರಿ, ಹಾಯ್ದು ಕೆಡವ್ತಾವ!"

"ಹಂಗಾದ್ರೆ ಪಂಥ ಕಟ್ಟಾನ ಬನ್ನಿ. ನಮ್ಮ ಕುರಿ ಗೆದ್ರೆ ಮಗು ಎಂದಿನಂಗೆ ಯುಗಾದಿಗೆ ನಮ್ಮನೆಗೆ. ನಿಮ್ಮವು ಗೆದ್ರೆ ಈ ಸಲ ನಿಮ್ಮನೇಲೇ ಇಟ್ಕಳಿ."

"ಆತ್ರಿ!" ಎಂದೆ. ಉಸಿರು ಬಿಡುವುದರೊಳಗೆ ಎಂದುಬಿಟ್ಟೆ. ಯಾಕೆಂದರೆ ನನ್ನ ಹತ್ತಿರ ಭೀಮ ಇದ್ದ.

ಭೀಮ ನಮ್ಮ ಟಗರು. ಅವನ ಕೊಂಬು ನೋಡಿದರೆ ಎದುರಿಗೆ ಬಂದ ಆಟೋ ಕೂಡ ದಾರಿ ಬಿಟ್ಟು ನಿಲ್ಲುತ್ತದೆ. ನಮ್ಮ ಕಡೆ ಹಿಂಡಿನ ಯೋಗ್ಯತೆ ಹೇಳುವುದು ಟಗರನ್ನು ನೋಡಿಯೇ. ಕುರಿ ನೋಡಲು ಬಂದವರು ಕುರಿಗಳನ್ನು ನೋಡುವುದಿಲ್ಲ, ಟಗರಿನ ಬೆನ್ನು ತಟ್ಟಿ, "ಹಿಂಡು ಚಲೋ ಐತಿ" ಎಂದು ತಲೆ ಆಡಿಸುತ್ತಾರೆ. ನನ್ನ ಅತ್ತೆಯೂ ಹಾಗೇ ನೋಡಿದರು, ಅವರ ಅತ್ತೆಯೂ ಹಾಗೇ ನೋಡಿದರು. ಇಷ್ಟು ತಲೆಮಾರಿನ ಬುದ್ಧಿ ನನ್ನ ಬೆನ್ನಿಗಿರುವಾಗ ಆ ಬಾಕ್ಸು ನನ್ನನ್ನು ಏನು ಮಾಡೀತು?

ಲಾವಣ್ಯ ನನಗೆ ತಿಳಿಸಿಹೇಳಲು ನೋಡಿದಳು. ಪಾಪ, ನೋಡಿದಳು.

"ಅಜ್ಜಿ, ಬಾಕ್ಸ್ ಅಂದ್ರ ಒಂದು ಪೆಟ್ಟಿಗಿ. ಅದರಾಗ ಒಂದು ನಡುಗೆರಿ ಇರ್ತೈತಿ. ಎರಡು ಕಡಿ ಮೀಸಿ ಇರ್ತಾವ."

"ಮೀಸಿ!" ಎಂದು ನಮ್ಮ ಯಜಮಾನರು ತಮ್ಮ ಮೀಸೆ ಮುಟ್ಟಿಕೊಂಡರು.

"ತಿಳೀತು ಬಿಡವ್ವ," ಎಂದೆ ನಾನು. ನನಗೆ ತಿಳಿದದ್ದು ಇಷ್ಟೇ: ಪೆಟ್ಟಿಗೆ. ದೊಡ್ಡ ಪೆಟ್ಟಿಗೆ ಯಾರ ಮನೆಯಲ್ಲಿ ಇರುತ್ತದೋ ಅವರೇ ಸಾಹುಕಾರರು. ಇದನ್ನು ತಿಳಿಯಲು ಡಿಗ್ರಿ ಬೇಕೆ?

ಅಳತೆಯ ಮೊದಲನೆಯ ದಿನ ಬಂತು. ಮುಂಗಾಲಿನ ಹಿಂದೆ ಎದೆಯ ಸುತ್ತ ಟೇಪು ಹಾಕಿ ಅಳೆಯಬೇಕು, ಮರಿಗಳು ಬೇಡ, ಬೆಳೆದವು ಮಾತ್ರ ಎಂದು ಲಾವಣ್ಯ ಕಟ್ಟಳೆ ಮಾಡಿದಳು. ಟೇಪು ಹಿಡಿಯಲು ತಾಯಿಗಿಂತ ಪಳಗಿದ ಕೈ ಬೇಕೆ? ಸುಜಾತ ಸೆರಗು ಸಿಕ್ಕಿಸಿ ನಿಂತಳು. ಯಜಮಾನರು ಕುರಿ ಹಿಡಿದರು. ಅಳೆದ ಕುರಿಗೆ ಗುರುತು ಬೇಕಲ್ಲ, ಅದಕ್ಕೆ ಜೀನ್ಸಿನ ಚೂರು ಬಟ್ಟೆಯ ಮೇಲೆ ಟೈಲರ್ ಸೀಮೆಸುಣ್ಣದಲ್ಲಿ ಕುರಿಯ ಹೆಸರು, ಅಳತೆ ಬರೆದು ಕೊರಳಿಗೆ ಕಟ್ಟುವುದು ಎಂದಾಯಿತು. ನನ್ನ ಕುರಿಗಳು ಒಂದೊಂದೂ ಹೊಸ ಪ್ಯಾಂಟಿನ ಹಾಗೆ ಚೀಟಿ ತೂಗಿಸಿಕೊಂಡು ಓಡಾಡಿದವು. ನೋಡಿ ಹಿಗ್ಗಿ ಹೋದೆ!

ನಾನು ಪಕ್ಕದಲ್ಲಿಯೇ ಕಾವಲು ನಿಂತಿದ್ದೆ. ಸೊಸೆ ಒಳ್ಳೆಯವಳೇ. ಆದರೆ ತವರು ತವರೇ! ಟೇಪು ಒಂದು ಚೂರು ಬಿಗಿಯಾಗಿ ಎಳೆದರೂ ನನಗೆ ಗೊತ್ತಾಗಬೇಕು.

"ಮೂವತ್ತು... ಮೂವತ್ತೆರಡು... ಇಪ್ಪತ್ತೆಂಟು... ಮೂವತ್ತು..." ಸುಜಾತ ಕೂಗುತ್ತಾ ಹೋದಳು. ಲಾವಣ್ಯ ಬರೆಯುತ್ತಾ ಹೋದಳು. ಅರ್ಧ ಹಿಂಡು ಮುಗಿದಾಗ ಲಾವಣ್ಯ ತಲೆ ಎತ್ತಿದಳು.

"ಅಮ್ಮ, ಒಂದು ಕುರೀಗೂ ಇಪ್ಪತ್ತೊಂಬತ್ತು ಬರ್ಲಿಲ್ಲಲ್ಲ?"

"ಬರ್ತಾವ. ಹತ್ರ ಇದ್ದುದ್ದನ್ನ ಮೂವತ್ತು ಮಾಡೀನಿ."

"ಯಾಕ?"

"ಇಪ್ಪತ್ತೊಂಬತ್ತು ಸೈಜು ಎಲ್ಲಿರ್ತೈತೇ? ಇಪ್ಪತ್ತೆಂಟು ಆದ ಮ್ಯಾಲ ಮೂವತ್ತೇ. ಅದಕ್ಕ ಮ್ಯಾಲ ಎರಡಿಂಚು ಲೂಸೂ ಬಿಟ್ಟೀನಿ, ಕೂತು ಎದ್ದು ಮಾಡಾಕ ಬೇಕಲ್ಲ."

ಲಾವಣ್ಯ ಪೆನ್ನು ಕೆಳಗಿಟ್ಟಳು. ಅವಳ ತಾಯಿ ನನ್ನ ಹಿಂಡಿಗೆಲ್ಲ ಪ್ಯಾಂಟು ಹೊಲಿಯಲು ಅಳತೆ ತೆಗೆದಿದ್ದಳು!

"ಅಮ್ಮ, ಕುರಿ ಪ್ಯಾಂಟು ಹಾಕ್ಕಳಲ್ಲ!"

"ಕೈ ಕೇಳಬೇಕಲ್ಲವ್ವ. ಎಷ್ಟು ವರ್ಸದ ಅಭ್ಯಾಸ!"

ಎಲ್ಲ ಚೀಟಿ ಬಿಚ್ಚಿದೆವು. ಮುಂದಿನ ಭಾನುವಾರ ಮತ್ತೆ ಮೊದಲಿನಿಂದ ಎಂದಾಯಿತು. ಲಾವಣ್ಯ ಬೇಜಾರಿನಿಂದ ಹೋದಳು. ನಾನು ಮಾತ್ರ ಒಳಗೊಳಗೇ ಕುಣಿದೆ. ನನಗೆ ಒಂದು ವಾರ ಸಿಕ್ಕಿತ್ತು! ಒಂದು ವಾರದಲ್ಲಿ ಭೀಮನನ್ನು ಏನು ಬೇಕಾದರೂ ಮಾಡಬಹುದಿತ್ತು.

ಹುರುಳಿ ಬೇಯಿಸಿದೆ. ಕಡಲೆಕಾಯಿ ಹಿಂಡಿ ನೆನೆಸಿದೆ. ಬೆಳಿಗ್ಗೆ ಭೀಮನಿಗೆ, ಮಧ್ಯಾಹ್ನ ಭೀಮನಿಗೆ, ಸಂಜೆ ಭೀಮನಿಗೆ. ಯಜಮಾನರ ತಟ್ಟೆಯಲ್ಲಿ ಮುದ್ದೆಗೆ ಹುರುಳಿ ಸಾರು ಇಲ್ಲದೆ ಬರೀ ಮಜ್ಜಿಗೆ ಬಂದು ಬಿತ್ತು.

"ಏನಬೇ, ಸಾರು?"

"ಅದು ಕಾಲೇಜಿಗೆ ಹೋತು."

ಅವರು ಮಜ್ಜಿಗೆಯಲ್ಲಿಯೇ ಮುದ್ದೆ ಮುಗಿಸಿದರು. ಉಳಿದ ಕುರಿಗಳು ಬೇಲಿ ಆಚೆ ಸಾಲಾಗಿ ನಿಂತು ಭೀಮ ತಿನ್ನುವುದನ್ನು ನೋಡುತ್ತಿದ್ದವು. ಅವುಗಳಲ್ಲಿ ಕೊಂಬಿಲ್ಲದ, ಕಪ್ಪಗಿನ ಬೋಳಿ ಎಂಬ ಕುರಿಯೊಂದು ಬಾಯಿ ಹಾಕಲು ಬಂತು. "ಹೋಗತ್ಲಾಗ, ನೀನ್ಯಾರು ಮಧ್ಯದಾಗ!" ಎಂದು ಓಡಿಸಿದೆ. ಈ ಮಾತು ನೆನಪಿಟ್ಟುಕೊಳ್ಳಿ. ನಾನೂ ಮರೆಯಬೇಕು ಅಂದುಕೊಂಡರೂ ಆಗುತ್ತಿಲ್ಲ.

ಉಣ್ಣೆ ಕತ್ತರಿಸುವ ಕಾಲವೂ ಬಂದಿತ್ತು. ಕತ್ತರಿಯವರು ಬಂದು ಬಾಗಿಲಲ್ಲಿ ನಿಂತರು. "ಈಗ ಬ್ಯಾಡ್ರಿ, ಮುಂದಿನ ವಾರ ಬರ್ರಿ," ಎಂದು ಕಳಿಸಿಬಿಟ್ಟೆ. ಉಣ್ಣೆ ಇದ್ದಷ್ಟೂ ಎದೆ ದಪ್ಪ. ಬಿಸಿಲಿಗೆ ಕುರಿಗಳು ನಾಲಿಗೆ ಚಾಚಿದವು. ಚಾಚಲಿ, ಯುಗಾದಿ ಬರಲಿ!

ಅಷ್ಟು ಹುರುಳಿ ತಿಂದ ಟಗರು ಸುಮ್ಮನೆ ಇರುತ್ತದೆಯೇ? ಶನಿವಾರ ಸಂಜೆ ನೀರು ಇಡಲು ಬಾಗಿದ ಯಜಮಾನರಿಗೆ ಭೀಮ ಹಿಂದಿನಿಂದ ಹಾಯ್ದ. ಅವರು ನೀರಿನ ತೊಟ್ಟಿಯೊಳಗೆ ಕೂತರು.

"ಹುರುಳಿ ಹಾಕಿದಾಕಿ ನೀನು, ಹಾಯಿಸಿಕೊಂಡಾಂವ ನಾನು! ಇದ್ಯಾವ ನ್ಯಾಯ?"

"ಮೊಮ್ಮಗಳ ಸಲುವಾಗಿ ಅಷ್ಟೂ ತಡ್ಕಳ್ಳಾಕ ಆಗದಿಲ್ಲೇನು?" ಎಂದು ನಾನೇ ಅವರ ಮೇಲೆ ಹಾರಿಬಿದ್ದೆ. ನೋವು ಅವರಿಗೆ, ಸಿಟ್ಟು ನನಗೆ. ನಮ್ಮ ಸಂಸಾರದಲ್ಲಿ ಕೆಲಸ ಹೀಗೆಯೇ ಹಂಚಿಕೆಯಾಗಿದೆ.

ಭಾನುವಾರ ನಸುಕಿನಲ್ಲಿ ಕೊನೆಯ ಅಸ್ತ್ರ ತೆಗೆದೆ. ಸಂತೆಗೆ ಕುರಿ ಹೊಡೆಯುವ ದಿನ ಕೆಲವರು ಉಪ್ಪು ನೆಕ್ಕಿಸಿ ಹೊಟ್ಟೆ ತುಂಬ ನೀರು ಕುಡಿಸುತ್ತಾರೆ. ಕುರಿ ಗುಡಾಣದ ಹಾಗೆ ಕಾಣುತ್ತದೆ. ನಾನು ಯಾವತ್ತೂ ಆ ಕೆಲಸ ಮಾಡಿದವಳಲ್ಲ. ಅವತ್ತು ಮಾಡಿದೆ. ಭೀಮ ಒಂದು ಕೊಪ್ಪರಿಗೆ ನೀರು ಖಾಲಿ ಮಾಡಿ ನಿಂತ. ಹೊಟ್ಟೆ ಎರಡು ಕಡೆಯೂ ಸಂಚಿಯ ಹಾಗೆ ಜೋತಿತ್ತು. ನಡೆದರೆ ಒಳಗೆ ಗುಳುಗುಳು ಸದ್ದು!

ಲಾವಣ್ಯ ಬಂದಳು, ನೋಡಿದಳು, ನಕ್ಕಳು. "ಅಜ್ಜಿ, ಅಳೆಯಾದು ಎದಿ. ಹೊಟ್ಟಿ ಅಲ್ಲ."

ಅಷ್ಟೂ ಉಪ್ಪು ವ್ಯರ್ಥ! ಉಣ್ಣೆಯ ಕಥೆಯೂ ಹಾಗೇ ಆಯಿತು. "ಅಮ್ಮ, ಉಣ್ಣಿ ಒತ್ತಿ ಹಿಡಿದು ಅಳಿ," ಎಂದಳು ಅವಳು. ಸುಜಾತ ಒತ್ತಿದಳು. ನನ್ನ ಹಿಂಡು ಕಣ್ಣೆದುರಿಗೇ ಸಣ್ಣದಾಗುತ್ತಾ ಹೋಯಿತು. ಈ ಸಲ ಇಂಚಿನ ಜೊತೆ ಅರ್ಧ, ಕಾಲು ಎಲ್ಲವನ್ನೂ ಕೂಗಿದಳು. ಲೂಸು ಬಿಡಲಿಲ್ಲ. ಒಂದು ಚೂರಾದರೂ ಬಿಡೇ ತಾಯಿ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಆದರೆ ಭೀಮನ ಸರದಿ ಬಂದಾಗ ಸುಜಾತ, "ಅತ್ತಿ, ಮೂವತ್ತೆಂಟು!" ಎಂದು ಕೂಗಿದಳು. ನಾನು ಅಂಗಳದಲ್ಲಿ ಒಂದು ಸುತ್ತು ಕುಣಿದೆ. ಮೂವತ್ತೆಂಟು! ಗೆದ್ದಾಯಿತು. ಬೇವಿನ ಮರ ಚಿಗುರಿದೆಯೋ ಇಲ್ಲವೋ ಎಂದು ಆಗಲೇ ಹೋಗಿ ನೋಡಿ ಬಂದೆ.

ಅದರ ಮುಂದಿನ ವಾರ ಮಡಕಶಿರ. ಬಸ್ಸು ಬದಲಿಸಿ ಬದಲಿಸಿ ನಾನೂ ಜೊತೆಗೆ ಹೋದೆ. ತವರು ಮನೆಯಲ್ಲಿ ಸೊಸೆಯ ಕೈಗೆ ಟೇಪು ಕೊಟ್ಟು ನಾನು ಊರಲ್ಲಿ ಕೂರಲು ನನಗೇನು ಹುಚ್ಚೇ?

ಬೀಗಿತಿ ಬಾಗಿಲಲ್ಲಿಯೇ ನಿಂತಿದ್ದಳು. "ಬರ್ರಮ್ಮ ಬರ್ರಿ. ಅಳತೆಗೆ ಬಂದ್ರೋ, ಕಾವಲಿಗೆ ಬಂದ್ರೋ?"

"ಮೊಮ್ಮಗಳು ಒಬ್ಬಾಕಿನ ಬರ್ತಾಳಂತ ಬಂದೆ ರೀ."

"ಒಬ್ಳೇ ಎಲ್ಲಿ, ಜೊತೇಲಿ ಅವಳವ್ವ ಇದಾಳಲ್ಲ?"

ನಾನು ಸೀರೆಯ ಧೂಳು ಕೊಡವಿಕೊಂಡೆ. ಉತ್ತರ ಇಲ್ಲದಾಗ ನಾನು ಧೂಳು ಕೊಡವುತ್ತೇನೆ.

ಅವಳ ಕುರಿಗಳನ್ನು ನೋಡಿದೆ. ಎಲ್ಲವೂ ಒಂದೇ ಅಚ್ಚಿನಲ್ಲಿ ಹಾಕಿದ ಹಾಗೆ! ಟಗರು ಯಾವುದು ಎಂದು ಹುಡುಕಬೇಕಾಯಿತು. ಅದೂ ಇತ್ತು, ಮದುವೆಗೆ ಬಂದ ದೂರದ ನೆಂಟನ ಹಾಗೆ ಒಂದು ಮೂಲೆಯಲ್ಲಿ. ನನಗೆ ನಗು ತಡೆಯಲಾಗಲಿಲ್ಲ.

"ಏನ್ ಹಾಕ್ತೀರಿ ಇವಕ್ಕ?"

"ಏನಿಲ್ಲ ಕಣಮ್ಮ. ಹುಳ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ, ಸೊಪ್ಪು. ಎಲ್ಲಾಕೂ ಅಷ್ಟಷ್ಟು ಚೆಲ್ತೀವಿ."

ರೇಷ್ಮೆ ಹುಳದ ಎಂಜಲು! ಹುರುಳಿ ತಿಂದ ಭೀಮನ ಮುಂದೆ ಹುಳದ ಎಂಜಲು ತಿಂದವುಗಳು! ಅವುಗಳಲ್ಲಿ ಒಂದೂ ಮೂವತ್ಮೂರು ದಾಟಲಿಲ್ಲ. ನಾನು ಬೀಗಿತಿಯ ಮನೆಯ ಕಾಫಿಯನ್ನು ಎರಡು ಸಲ ಕೇಳಿ ಕುಡಿದೆ. ಸೋಲುವವರ ಮನೆಯ ಕಾಫಿ ಅಷ್ಟು ರುಚಿ.

ತೀರ್ಪಿನ ದಿನ ನಮ್ಮ ಊರಿನ ಅಂಗಳದಲ್ಲಿ. ಲಾವಣ್ಯ ಎರಡು ಊರಿನ ಚೀಟಿಗಳನ್ನೂ ತಂದಿದ್ದಳು. "ಅಜ್ಜಿ, ಮೊದ್ಲು ನಿನ್ನ ಕುರಿ ಎಷ್ಟದಾವ ಎಣಿಸ್ತೀನಿ," ಎಂದಳು.

"ಬಾಯಿ ಮುಚ್ಚು!" ಎಂದೆ. ಕುರಿಗಳನ್ನು ಎಣಿಸಿ ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ಇಲ್ಲ. ದೃಷ್ಟಿ ತಾಗುತ್ತದೆ. ಯಾರಾದರೂ ಕೇಳಿದರೆ "ಒಂದಿಷ್ಟು ಅದಾವ" ಎನ್ನುತ್ತೇವೆ.

"ಎಣಿಸದಂಗ ನಡುವಿಂದು ಹೆಂಗ ಹುಡುಕ್ಲಿ?"

ಅದಕ್ಕೂ ಒಂದು ಉಪಾಯ ತೆಗೆದಳು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಟೇಪಿನ ಹಾಗೆಯೇ ಉದ್ದ ಗೆರೆ ಎಳೆದು, ಗೇಣಿಗೊಂದು ಇಂಚಿನ ಗುರುತು ಹಾಕಿ, ಒಂದು ಕಡೆ ನನ್ನ ಚೀಟಿ, ಇನ್ನೊಂದು ಕಡೆ ಬೀಗಿತಿಯ ಚೀಟಿ, ಅವುಗಳ ಅಳತೆಯ ಎದುರಿಗೇ ಇಟ್ಟಳು. "ಈಗ ನೋಡು, ಎಣಿಸಾದ ಬ್ಯಾಡ. ಈ ತುದೀಲಿಂದ ಒಂದು ತೆಗಿ, ಆ ತುದೀಲಿಂದ ಒಂದು ತೆಗಿ. ತೆಗೀತಾ ಹೋಗು. ಕಡೀಗೆ ಒಂದು ಉಳೀತೈತಲ್ಲ, ಅದು ನಡುವಿಂದು."

ಎಷ್ಟು ಜಾಣೆ ನೋಡಿ! ದೃಷ್ಟಿಯೂ ಇಲ್ಲ, ಎಣಿಕೆಯೂ ಇಲ್ಲ. ಹಿಗ್ಗಿನಿಂದ ನಾನೇ ತೆಗೆಯತೊಡಗಿದೆ. ಎಲ್ಲಕ್ಕಿಂತ ಸಣ್ಣದು ಒಂದು ತೆಗೆದೆ. ಎಲ್ಲಕ್ಕಿಂತ ದೊಡ್ಡದು... ಕೈ ನಿಂತಿತು. ಅದು ಭೀಮನ ಚೀಟಿ.

"ಭೀಮನ್ನೇ ಮೊದ್ಲು ತೆಗೀಬೇಕಾ?"

"ತೆಗಿ ಅಜ್ಜಿ. ಆಮ್ಯಾಲ ವಾಪಸ್ ಇಡಾನ."

ಭೀಮ ಮೊದಲನೆಯ ಸುತ್ತಿನಲ್ಲಿಯೇ ಹೋದ! ಮನಸ್ಸು ಕೆಟ್ಟಿತು, ಆದರೂ ತೆಗೆಯುತ್ತಾ ಹೋದೆ. ಕೊನೆಗೆ ಉಳಿದ ಚೀಟಿಯನ್ನು ಯಜಮಾನರು ಬಾಗಿ ನೋಡಿದರು.

"ಇದು ಬೋಳೀದು."

ಬೋಳಿ! ಬೇಲಿಯ ಹತ್ತಿರದಿಂದ ಓಡಿಸಿದ ಅದೇ ಬೋಳಿ! ನಾನು ಒಂದು ಹಿಡಿ ಹುರುಳಿ ಕೂಡ ಹಾಕದ ಬೋಳಿ ನನ್ನ ಇಡೀ ಹಿಂಡಿನ ನಡುಗೆರೆಯಾಗಿ ನಿಂತಿತ್ತು.

ಲಾವಣ್ಯ ಅದರ ಜಾಗದಲ್ಲಿ ಗೆರೆ ಎಳೆದಳು. ತೆಗೆದ ಚೀಟಿಗಳನ್ನೆಲ್ಲ ವಾಪಸ್ ಇಟ್ಟಳು. "ನಡುವಿನ ಅರ್ಧ ಕುರಿಗುಳು ಈ ಪೆಟ್ಟಿಗ್ಯಾಗ ಬರ್ತಾವ," ಎಂದು ನನ್ನ ಚೀಟಿಗಳ ಸುತ್ತ ಪೆಟ್ಟಿಗೆ ಬರೆದಳು. ಬೀಗಿತಿಯ ಚೀಟಿಗಳ ಸುತ್ತಲೂ ಬರೆದಳು.

ನಾನು ಎರಡು ಪೆಟ್ಟಿಗೆಗಳನ್ನೂ ನೋಡಿದೆ. ನನ್ನದು ಮಂಚದಷ್ಟು ಉದ್ದ! ಬೀಗಿತಿಯದು ಊದುಬತ್ತಿ ಪೆಟ್ಟಿಗೆಯಷ್ಟು. ಮುಂದಿನ ಮಾತು ಕೇಳಲು ನನಗೆಲ್ಲಿ ವ್ಯವಧಾನ? ಯಜಮಾನರ ಜೇಬಿನಿಂದ ಫೋನು ಕಿತ್ತುಕೊಂಡು ಮಡಕಶಿರಕ್ಕೆ ಹಚ್ಚಿದೆ.

"ಬೀಗಿತೇರ, ಗೆದ್ದೆವ್ರಿ! ನಮ್ಮ ಪೆಟ್ಟಿಗಿ ಮುಂದ ನಿಮ್ಮ ಪೆಟ್ಟಿಗಿ ಲೆಕ್ಕಕ್ಕೇ ಇಲ್ಲ. ಯುಗಾದಿಗೆ ಮಗು ನಮ್ಮನೀಗೆ. ಬೇಕಾದ್ರ ನೀವೂ ಬರ್ರಿ, ಹೋಳಿಗಿ ತಿಂದು ಹೋಗೀರಂತ!"

 ಲಾವಣ್ಯ ನನ್ನ ಸೆರಗು ಎಳೆಯುತ್ತಿದ್ದಳು.

"ಅಜ್ಜಿ... ಉದ್ದ ಪೆಟ್ಟಿಗಿ ಅಂದ್ರ ಗೆದ್ದಂಗಲ್ಲ."

"ಮತ್ತ?"

"ಕುರಿಗುಳು ಒಂದೊಂದು ಒಂದೊಂದು ನಮೂನಿ ಅದಾವ ಅಂತ. ನಿನ್ನ ಹಿಂಡಿನಾಗ ಹಲ್ಲು ಬಿದ್ದ ಮುದಿ ಕುರಿ ಬಾಳ ಅದಾವ. ಅವು ಸೊರಗ್ಯಾವ. ಅದಕ್ಕ ಪೆಟ್ಟಿಗಿ ಸಣ್ಣ ಅಳತಿ ಕಡಿ ಉದ್ದಾತು. ಗೆದ್ದಾರು ಯಾರಂತ ನೋಡಾದು ನಡುಗೆರ್ಯಾಗ. ಮಡಕಶಿರದ ನಡುಗೆರಿ ನಿಂದಕ್ಕಿಂತ ಮುಂದೈತಿ ನೋಡು."

ನೋಡಿದೆ. ಮುಂದೆಯೇ ಇತ್ತು. ಫೋನು ಇನ್ನೂ ನನ್ನ ಕೈಯಲ್ಲಿಯೇ ಇತ್ತು, ಆನ್ ಆಗಿಯೇ ಇತ್ತು. ಒಳಗಿಂದ ಬೀಗಿತಿಯ ದನಿ ಸ್ಪಷ್ಟವಾಗಿ ಬಂತು: "ಕೇಳಿಸ್ತು ಬಿಡ್ರಮ್ಮ."

ನನಗೆ ತಡೆಯಲಾಗಲಿಲ್ಲ. ಹೌದು, ಮುದಿ ಕುರಿಗಳನ್ನು ನಾನು ಮಾರುವುದಿಲ್ಲ! ವರ್ಷ ವರ್ಷ ಮರಿ ಕೊಟ್ಟು, ಹಾಲು ಕೊಟ್ಟು, ಹಲ್ಲು ಬಿದ್ದ ಮೇಲೆ ಕಟುಕನ ಕೈಗೆ ಕೊಡಬೇಕೆ? ನನ್ನ ಬಾಯಲ್ಲಿ ಎಷ್ಟು ಹಲ್ಲು ಉಳಿದಿವೆ, ಅದನ್ನೂ ಅಳೆದು ನನ್ನನ್ನೂ ಆಚೆ ಹಾಕಿ! ಇಷ್ಟನ್ನೂ ಕೂಗಿ ಹೇಳಿದೆ. ಹೇಳಿದ್ದು ಒಂದು ಚೀಟಿಗೆ, ಯಾಕೆಂದರೆ ಎದುರಿಗೆ ಬೇರೆ ಯಾರೂ ನಿಲ್ಲಲಿಲ್ಲ.

"ಆತು, ಭೀಮ ಎಲ್ಲಿ?" ಎಂದೆ ಕೊನೆಯ ಆಸೆಯಿಂದ. "ಅವನ ಮೂವತ್ತೆಂಟು ಎಲ್ಲಿ ಹೋತು?"

ಲಾವಣ್ಯ ಬೆರಳು ತೋರಿಸಿದಳು. ನನ್ನ ಪೆಟ್ಟಿಗೆ ಅಲ್ಲಿ. ಅದರ ಮೀಸೆ ಅದರ ಪಕ್ಕ. ಅದಕ್ಕೂ ಆಚೆ, ತುಳಸಿಕಟ್ಟೆಯ ಹತ್ತಿರ, ಭೀಮನ ಚೀಟಿ ಒಂದೇ ಒಂದು ಬಿದ್ದಿತ್ತು. ಅವಳು ಅದನ್ನು ಎತ್ತಿ ಆ ಜಾಗದಲ್ಲಿ ಸೀಮೆಸುಣ್ಣದಿಂದ ಒಂದು ಚುಕ್ಕಿ ಇಟ್ಟಳು.

"ಇದೇನು?"

"ಭೀಮ. ಬಾಳ ದೂರ ಇದ್ದುದ್ದನ್ನ ಸಾಲಿಗೆ ಸೇರಸಲ್ಲ ಅಜ್ಜಿ. ಬರೀ ಚುಕ್ಕಿ ಇಡ್ತಾರ."

"ಚುಕ್ಕಿ! ನಿಮ್ಮಜ್ಜನ್ನ ತೊಟ್ಟ್ಯಾಗ ಕೂಡ್ಸಿದ ಟಗರು ಚುಕ್ಕೀನಾ?"

"ಇನ್ನಾ ಎಷ್ಟು ಹುರುಳಿ ಹಾಕಿದ್ರೂ ಚುಕ್ಕಿ ಇನ್ನಾ ದೂರ ಹೋಕ್ಕಿತ್ತು ಅಷ್ಟ. ನಡುಗೆರಿ ಅಳ್ಳಾಡ್ತಿರಲಿಲ್ಲ."

"ಹಂಗಾರ ಬೋಳಿಗೆ ಹಾಕಿದ್ರ?"

"ಬೋಳಿ ಮುಂದಕ್ಕ ಹೋದ್ರ ಅದರ ಜಾಗಕ್ಕ ಪಕ್ಕದ್ದು ಬಂದು ನಿಲ್ತಿತ್ತು. ಎಲ್ಲಾಕೂ ಹಾಕಬೇಕಿತ್ತು ಅಜ್ಜಿ."

ಎಲ್ಲಾಕೂ ಅಷ್ಟಷ್ಟು. ಬೀಗಿತಿಯ ಮಾತು! ಹುಳದ ಎಂಜಲು ಗೆದ್ದಿತು, ನನ್ನ ಹುರುಳಿ ಸೋತಿತು. ಯಜಮಾನರು ಮಾತ್ರ ಗಂಭೀರವಾಗಿ, "ಆ ಹುರುಳಿ ನನಗ ಹಾಕಿದ್ರ ಆಗ್ತಿತ್ತು," ಎಂದರು.

ಲಾವಣ್ಯ ಅದನ್ನೆಲ್ಲ ಚೊಕ್ಕವಾಗಿ ದೊಡ್ಡ ಹಾಳೆಯ ಮೇಲೆ ಬರೆದು ಕಾಲೇಜಿಗೆ ಕೊಟ್ಟಳು. ಅವರ ಸಾರ್ ಹಾಳೆಯ ಮೂಲೆಯಲ್ಲಿ ಕೆಂಪು ಇಂಕಿನಿಂದ ತೆಲುಗಿನಲ್ಲಿ "ಚಾಲಾ ಬಾಗುಂದಿ" ಎಂದು ಬರೆದರಂತೆ. ಅಂದರೆ ಬಹಳ ಚೆನ್ನಾಗಿದೆಯಂತೆ! ನನ್ನ ಮಾನ ಹೋದದ್ದು ಬಹಳ ಚೆನ್ನಾಗಿದೆ! ಆ ಹಾಳೆಯನ್ನು ಶೇರ್ ಆಟೋದಲ್ಲಿ ಎಲ್ಲರಿಗೂ ನಾನೇ ಬಿಚ್ಚಿ ತೋರಿಸಿದೆ. ಸಿಟ್ಟು ಬೇರೆ, ಮೊಮ್ಮಗಳು ಬೇರೆ. ಚುಕ್ಕಿಯ ಮೇಲೆ ಮಾತ್ರ ಹೆಬ್ಬೆರಳು ಮುಚ್ಚಿ ಹಿಡಿದಿದ್ದೆ.

ಯುಗಾದಿ ಬಂತು. ಲಾವಣ್ಯ ಪಂಥದ ಪ್ರಕಾರ ಮಡಕಶಿರಕ್ಕೆ ಹೊರಟಳು. ಹಿಂದಿನ ದಿನ ಬೀಗಿತಿ ಫೋನು ಮಾಡಿದಳು.

"ಹೋಳಿಗೆ ತಿನ್ನಾಕೆ ಬನ್ನಿ ಅಂತ ನೀವು ನನ್ನ ಕರೆದ್ರಲ್ಲ ಬೀಗಿತೇರೆ, ಈಗ ನಾನು ಕರೀತೀನಿ. ಯಜಮಾನ್ರನ್ನೂ ಕರ್ಕಂಡು ಬನ್ನಿ."

ಹೋಗಬಾರದು ಎಂದು ತೀರ್ಮಾನ ಮಾಡಿದೆ. ತೀರ್ಮಾನ ಮಾಡುತ್ತಲೇ ನಮ್ಮ ಬೇವಿನ ಮರದ ಹೂವು ಕಿತ್ತು ಒದ್ದೆ ಬಟ್ಟೆಯಲ್ಲಿ ಕಟ್ಟಿದೆ. ಬಸ್ಸಿನಲ್ಲಿ ಕೂತ ಮೇಲೆ ಇನ್ನೊಂದು ಶಪಥ ಮಾಡಿದೆ: ಬೇವು ಬೆಲ್ಲ ಮೊಮ್ಮಗಳ ಬಾಯಿಗೆ ಇಡುವುದು, ಆ ಮನೆಯ ಹೋಳಿಗೆಯನ್ನು ಮಾತ್ರ ಮುಟ್ಟುವುದಿಲ್ಲ!

ಹಬ್ಬದ ಬೆಳಿಗ್ಗೆ ಎಣ್ಣೆ ನೀರು ಹಾಕಿಕೊಂಡು ಲಾವಣ್ಯ ನನ್ನ ಎದುರಿಗೆ ಬಂದು ಕೂತು ಬಾಯಿ ತೆರೆದಳು. ಗುಮ್ಮಘಟ್ಟದ ಕಡೆಯ ಬೇವು, ಮಡಕಶಿರದ ಬೆಲ್ಲ. ಅವಳ ನಾಲಿಗೆಯ ಮೇಲೆ ಇಟ್ಟೆ. ಅವಳು ಮುಖ ಕಿವುಚಿದಳು, ಆಮೇಲೆ ನಕ್ಕಳು. ಬಾಕಿ ಉಳಿದ ವರ್ಷಗಳ ಲೆಕ್ಕಕ್ಕೆ ಇನ್ನೊಂದು ಚೂರು ಇಟ್ಟೆ. ಬೀಗಿತಿ ನೋಡಿದಳು, ನೋಡದ ಹಾಗೆ ಒಳಗೆ ಹೋಗಿ ಹೋಳಿಗೆ ತಂದಳು.

ಮೊದಲನೆಯದನ್ನು ಮರ್ಯಾದೆಗೆ ತಿಂದೆ. ಎರಡನೆಯದನ್ನು ತಪ್ಪು ಹುಡುಕಲು ತಿಂದೆ, ಸಿಗಲಿಲ್ಲ. ಸಿಗಲಿಲ್ಲವಲ್ಲ ಎಂಬ ಸಿಟ್ಟಿಗೆ ಮೂರನೆಯದು. ಅವಳು ಇನ್ನೊಂದು ಹಾಕುವಾಗ, "ಸಾಕೇನ್ರಿ ಬೀಗಿತೇರೆ, ಸೋತ ಬಾಯಿಗೆ ರುಚಿ ಇರಲ್ಲ," ಎಂದು ನಕ್ಕಳು. ಆಮೇಲೆ ಎಷ್ಟು ತಿಂದೆ ಎಂದು ನಾನು ಹೇಳುವುದಿಲ್ಲ. ಎಣಿಸಿ ಹೇಳಿದರೆ ದೃಷ್ಟಿಯಾಗುತ್ತದೆ.

ಊಟ ಮುಗಿಸಿ ಜಗುಲಿಗೆ ಬಂದೆ. ಲಾವಣ್ಯ ಅಲ್ಲಿ ಸೀಮೆಸುಣ್ಣ ಹಿಡಿದು ಕೂತಿದ್ದಳು. ನೆಲದ ಮೇಲೆ ಉದ್ದ ಗೆರೆ, ಒಂದು ಪುಟ್ಟ ಪೆಟ್ಟಿಗೆ, ನಡುವೆ ಗೆರೆ, ಎರಡು ಕಡೆ ಮೀಸೆ. ಎರಡೂ ಮನೆಯವರು ಸುತ್ತ ನಿಂತು ಸೆರಗು, ಹೆಗಲ ವಲ್ಲಿ ಬಾಯಿಗೆ ಒತ್ತಿಕೊಂಡು ನಗು ತಡೆದಿದ್ದರು.

"ಇವತ್ತೇನು ಅಳೆದಿ?" ಎಂದೆ.

"ಯಾರು ಎಷ್ಟು ಹೋಳಿಗಿ ತಿಂದ್ರು ಅಂತ."

ಪೆಟ್ಟಿಗೆಯಿಂದ ಬಹಳ ದೂರ, ಬಾಗಿಲ ಹೊಸ್ತಿಲಿನ ಹತ್ತಿರ, ಒಂದೇ ಒಂದು ಚುಕ್ಕಿ ಇತ್ತು. ಯಜಮಾನರು ಮೀಸೆ ತಿರುವುತ್ತಾ ಸೂರು ನೋಡತೊಡಗಿದರು.

"ಅದು ಭೀಮಂದೇನು?" ಎಂದೆ ಮೆಲ್ಲಗೆ.

"ಭೀಮ ಊರಾಗ ಅದಾನ ಅಜ್ಜಿ."

ಧೂಳು ಇರಲಿಲ್ಲ. ಆದರೂ ಸೀರೆ ಕೊಡವಿಕೊಂಡೆ. ಆಮೇಲೆ ಬಗ್ಗಿ ನೋಡಿದೆ. ಅಷ್ಟು ಕಷ್ಟಪಟ್ಟು ತಿಂದಿದ್ದೆ. ನಡುಗೆರೆ ಒಂದು ಚೂರೂ ಅಲ್ಲಾಡಿರಲಿಲ್ಲ!